ಹಾಕಿಮರ ನೀರು

ಜಿಲ್ಲೆಯನ್ನು ಆಳುವ ಹಾಕಿಮರು ಹತ್ತಿ ಹೊಲಗಳನ್ನು ಸಾಮಾನ್ಯವಾಗಿ ಕಾರಿನ ಕಿಟಕಿಯಿಂದಲೇ ನೋಡುತ್ತಿದ್ದರು. ಇಳಿದರೆಂದರೆ ಯಾರಿಗೋ ಸನ್ಮಾನ, ಇಲ್ಲವೇ ಯಾರದೋ ಹೊಲ ಹೋಯಿತು ಎಂದು ಅರ್ಥ. ಆಗಸ್ಟ್ ಮುಗಿಯಲು ಬಂದಿದ್ದ ಒಂದು ಮಧ್ಯಾಹ್ನ ಅವರ ಬಿಳಿ ಕಾರು ಸರ್ಬಿನಾಜ್‌ಳ ಹೊಲದ ಮುಂದೆ ನಿಂತಿತು. ಹಿಂದಿನ ಕಾರುಗಳೂ ಒಂದರ ಬಾಲಕ್ಕೆ ಒಂದು ಮೂತಿ ತಾಗಿಸಿ ನಿಂತವು. ಹಾಕಿಮರು ಇಳಿದರು.

ಸರ್ಬಿನಾಜ್ ಸಲಿಕೆ ಹಿಡಿದು ಗಾಡಿದಾರಿಯ ಬಾಯಲ್ಲೇ ಇದ್ದಳು. ಹೊಲದೊಳಗೆ ಸರಿದುಕೊಳ್ಳುವ ಹಾಗಿರಲಿಲ್ಲ. ದಾರಿಯ ಎರಡೂ ಪಕ್ಕ ಸಣ್ಣ ಕಾಲುವೆ, ಎದುರಿಗೆ ಕಾರು, ಕಾರಿನಿಂದ ಇಳಿದವರೆಲ್ಲ ಆಗಲೇ ಅವಳ ಸುತ್ತ ಅರ್ಧ ಬಳೆಯ ಹಾಗೆ ನಿಂತುಬಿಟ್ಟಿದ್ದರು. ಅವಳು ತಲೆಯ ಮೇಲಿನ ವಸ್ತ್ರ ಸರಿ ಮಾಡಿಕೊಂಡಳು.

ಗಾಡಿದಾರಿ ಅವಳ ಹೊಲವನ್ನು ಎರಡು ಮಾಡಿತ್ತು. ಎಡಕ್ಕಿದ್ದ ಹತ್ತಿ ಸೊಂಟದೆತ್ತರ, ದಟ್ಟ ಹಸಿರು, ತುದಿಯವರೆಗೂ ಹೂವು. ಬಲಕ್ಕಿದ್ದದ್ದು ಮೊಣಕಾಲೆತ್ತರ. ಎಲೆಯಂಚು ಕೆಂಪಗಾಗಿ, ಬಿಸಿಲಿಗೆ ಮುದುರಿ, ರಸ್ತೆಯಿಂದ ನೋಡಿದವರಿಗೆ ಸಾಯಲು ಕೂತ ಹಾಗೆ ಕಾಣುತ್ತಿತ್ತು.

"ಯಾರ್ದಿದು ಹೊಲ?" ಹಾಕಿಮರು ಕೇಳಿದರು.

"ನಂದರೀ, ಸಾಹೇಬ್ರ."

"ಎರಡೂ?"

"ಎರಡೂ ನಂದರೀ."

"ಇವೆರಡೂ ಒಂದ ತಾಯಿ ಮಕ್ಕಳೇನವ್ವಾ? ಒಬ್ಬಾಂವಗ ಹಾಲು ಕುಡಿಸೀದಿ, ಇನ್ನೊಬ್ಬಾಂವನ್ನ ಉಪವಾಸ ಕೆಡವೀದಿ!"

ಕಾರಿನವರೆಲ್ಲ ನಕ್ಕರು. ಹಾಕಿಮರು ನಕ್ಕ ಮೇಲೆ ನಗದಿರುವುದು ಹೇಗೆ? ಸರ್ಬಿನಾಜ್ ಕೂಡ ನಕ್ಕಳು.

ಇವೆರಡೂ ಒಂದೇ ತಾಯಿಯ ಮಕ್ಕಳಲ್ಲ ಎಂಬುದು ಅವಳಿಗೂ ಅವಳ ಅತ್ತೆ ಬಿಬಿಸಾರಾಗೂ ಗೊತ್ತಿತ್ತು. ಇನ್ಯಾರಿಗೂ ಗೊತ್ತಾಗಬಾರದಿತ್ತು. ಹತ್ತಿ ಕೊಳ್ಳುವ ಕಂಪನಿ ಆ ವರ್ಷ ಊರಿಗೆಲ್ಲ ಒಂದೇ ಬೀಜ ಕೊಟ್ಟಿತ್ತು. ಹೆಸರು ಅಲ್ತಿನ್, ಅಂದರೆ ಚಿನ್ನ. ಎಳೆ ಉದ್ದ, ಇಳುವರಿ ಜಾಸ್ತಿ. ಆದರೆ ಅದು ದಕ್ಷಿಣದ ಜಿಲ್ಲೆಗಳ ತಳಿ. ಅಲ್ಲಿ ಬೇಸಿಗೆ ಒಂದು ತಿಂಗಳು ಹೆಚ್ಚು. ಅಮು ನದಿಯ ಬಾಲದಲ್ಲಿರುವ ಈ ಊರುಗಳಲ್ಲಿ ಏಪ್ರಿಲ್‌ವರೆಗೆ ನೆಲ ತಣ್ಣಗಿರುತ್ತದೆ, ಅಕ್ಟೋಬರ್ ಹೊಕ್ಕೊಡನೆ ಹಿಮ ಬೀಳುತ್ತದೆ. ನಡುವೆ ಎಷ್ಟು ದಿನ ಸಿಕ್ಕೀತೋ ಅಷ್ಟರಲ್ಲೇ ಹತ್ತಿ ಹುಟ್ಟಿ, ಹೂಬಿಟ್ಟು, ಕಾಯಾಗಿ, ಬಾಯಿ ಬಿಡಬೇಕು.

ಬಿತ್ತಿದ ವಾರವೇ ತಣ್ಣನೆ ಮಳೆ ಹಿಡಿಯಿತು. ಬಲಗಡೆಯ ನೆಲ ತಗ್ಗು, ಉಪ್ಪು ಕೂತ ಸವಳು ಬೇರೆ. ಅಲ್ಲಿ ಅಲ್ತಿನ್ ಮೊಳೆಯಲಿಲ್ಲ, ಕೊಳೆತು ಅಂಬಲಿಯಾಯಿತು. ಮತ್ತೆ ಬೀಜ ಕೊಡಿ ಎಂದು ಸರ್ಬಿನಾಜ್ ಕಂಪನಿಗೆ ಅಲೆದಳು. ಮುಂದಿನ ವಾರ ಅಂದರು. ಮುಂದಿನ ವಾರ ಹೋದರೆ ಮತ್ತೆ ಮುಂದಿನ ವಾರ ಅಂದರು. ಮೇ ಅರ್ಧ ದಾಟಿದ ಮೇಲೆ ಬಿತ್ತಿದ ಹತ್ತಿ ಈ ಸೀಮೆಯಲ್ಲಿ ಒಲೆಗೆ ಕಟ್ಟಿಗೆಯಾಗುತ್ತದೆ, ಅಷ್ಟೆ. ಆಗ ಬಿಬಿಸಾರಾ ಕೊಟ್ಟಿಗೆಯ ಕಡೆ ಬೆರಳು ತೋರಿಸಿದಳು. ಮುಚ್ಚಿಹೋದ ಹಳೆಯ ಜಿನ್ನಿಂಗ್ ಗಿರಣಿಯಿಂದ ಆಕಳಿಗೆಂದು ತಂದಿದ್ದ ಹತ್ತಿಕಾಳಿನ ಚೀಲಗಳು ಅಲ್ಲಿದ್ದವು. ಊರವರು ಮೊದಲೆಲ್ಲ ಬೆಳೆಯುತ್ತಿದ್ದ ಗಿಡ್ಡ ತಳಿಯ ಕಾಳು. ಅದನ್ನು ಎಲ್ಲರೂ 'ಗಿಡ್ಡಿ' ಅನ್ನುತ್ತಿದ್ದರು. ಸರ್ಬಿನಾಜ್ ಆಕಳ ಬಾಯಿಯ ತುತ್ತು ಕಿತ್ತು ಹೊಲಕ್ಕೆ ಹಾಕಿದಳು. ಹಳೆಯ ಕಾಳು, ಅರ್ಧವಾದರೂ ಹುಟ್ಟಲಿ ಎಂದು ದಟ್ಟವಾಗಿ ಬಿತ್ತಿದಳು. ಹುಟ್ಟಿತು.

ಆದರೆ ಕಂಪನಿಯ ಕರಾರು ಕಟ್ಟುನಿಟ್ಟು. ನೆಲ ಸರಕಾರದ್ದು, ಗುತ್ತಿಗೆ ರೈತರದ್ದು. ಬೇರೆ ಬೀಜ ಹಾಕಿದ್ದು ಗೊತ್ತಾದರೆ ಆ ದಿನವೇ ಹೊಲ ವಾಪಸ್. ಹಿಮ ಬೀಳುವುದರೊಳಗೆ ಹತ್ತಿ ಬಿಡಿಸಿ ಕಂಪನಿ ಹೇಳಿದ ತೂಕದ ಗುರಿ ಮುಟ್ಟಿಸದಿದ್ದರೂ ಹೊಲ ವಾಪಸ್. ಸರ್ಬಿನಾಜ್‌ಳ ಗಂಡ ಕಜಾಕಿಸ್ತಾನದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಎರಡು ವರ್ಷವಾಗಿತ್ತು. ಗುತ್ತಿಗೆ ಈಗ ಅವಳ ಹೆಸರಿನಲ್ಲಿತ್ತು, ಹೋದರೆ ಅವಳ ಕೈಯಿಂದಲೇ ಹೋಗಬೇಕಿತ್ತು.

"ಬಲಗಡೆ ಸವಳು ಭಾಳ ಐತ್ರಿ, ಸಾಹೇಬ್ರ," ಅವಳು ಹೇಳಿದಳು.

"ಸವಳಿಗೆ ನೀರ ಔಷಧ. ನೀರ್ ಯಾಕ ಬಿಟ್ಟಿಲ್ಲ?"

ಬೇಕಾಗಿಲ್ಲ, ಅದಕ್ಕೆ ಬಿಟ್ಟಿಲ್ಲ. ಗಿಡ್ಡಿಯ ಸ್ವಭಾವವೇ ಅದು. ಮೂರು ನೀರು ಕೊಟ್ಟು, ಕುಡಿ ಚಿವುಟಿ, ಆಗಸ್ಟ್ ನಡುವೆ ನೀರು ನಿಲ್ಲಿಸಿಬಿಡಬೇಕು. ಆಗ ಅದು ಬೆಳೆಯುವುದು ಬಿಟ್ಟು ಇದ್ದ ಕಾಯಿಗಳನ್ನು ಗಡಿಬಿಡಿಯಲ್ಲಿ ತುಂಬಿಕೊಂಡು ಸೆಪ್ಟೆಂಬರ್‌ಗೆ ಒಡೆಯುತ್ತದೆ. ಗಿಡ್ಡಿಗೆ ಸಾವು ಬಂತು ಅನ್ನಿಸಬೇಕು, ಆವಾಗಲೇ ಅದು ಹೆರುವುದು ಎಂದು ಬಿಬಿಸಾರಾ ಹೇಳುತ್ತಿದ್ದಳು. ಈಗ ನೀರು ಕೊಟ್ಟರೆ ಮುದುಕಿಗೆ ಹರೆಯ ಬಂದ ಹಾಗೆ ಹೊಸ ಚಿಗುರು, ಹೊಸ ಮೊಗ್ಗು. ಕಾಯಿಗಳು ಮುಚ್ಚಿಕೊಂಡೇ ಹಿಮಕ್ಕೆ ಸಿಗುತ್ತವೆ. ಇದನ್ನು ಹೇಳಲು ಹೊರಟರೆ ಪಕ್ಕದ ಅಲ್ತಿನ್‌ಗೆ ಯಾಕೆ ಹೀಗಿಲ್ಲ ಎಂದು ಕೇಳುತ್ತಾರೆ. ಅಲ್ಲಿಗೆ ಮುಗಿಯಿತು. ಯಾವ ಬಾಗಿಲು ತೆರೆದರೂ ಒಳಗೆ ಆಕಳ ಚೀಲವೇ ಕೂತಿತ್ತು.

"ನನ್ನ ಪಾಳಿ ಮುಗೀತ್ರಿ," ಅಂದುಬಿಟ್ಟಳು.

ಅದಕ್ಕಿಂತ ಕೆಟ್ಟ ಉತ್ತರ ಇರಲಿಲ್ಲ. ಹಾಕಿಮರ ಮುಂದೆ ನೀರಿನ ಪಾಳಿ ಮುಗಿಯಿತು ಎನ್ನುವುದು ನೀರು ಕೊಡಿ ಎಂದು ಕೇಳಿದ ಹಾಗೆ. ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೆ ಅದು ತಿಳಿಯಿತು.

"ಈಗ ಪಾಳಿ ಯಾರ್ದು?"

ಕಾರು ಕಂಡು ಓಡಿಬಂದಿದ್ದ ಪಕ್ಕದ ಹೊಲದ ತಾಜಿಮುರಾತ್ ಟೊಪ್ಪಿಗೆ ತೆಗೆದು ಮುಂದೆ ಬಂದ. ಅರವತ್ತು ದಾಟಿದ ಮನುಷ್ಯ, ಕಂಪನಿ ಹೇಳಿದಂತೆ ಹೊಲಕ್ಕೆಲ್ಲ ಅಲ್ತಿನ್ನನ್ನೇ ಹಾಕಿದ್ದ. "ನಂದರೀ. ಇವತ್ತ ಶುರು."

"ತಾಜಿಮುರಾತ್, ನಿನ್ನ ಹತ್ತಿ ಹಸರ ಐತಿ, ಒಂದ್ ಪಾಳಿ ತಡಕೊಂತೈತಿ. ಒಬ್ಬಾಕಿ ಹೆಣ್ಮಗಳು, ಗಂಡ ಪರದೇಶದಾಗ. ನಿನ್ನ ಪಾಳಿ ಈಕಿಗೆ ಕೊಟ್ಟೆ."

ಚಪ್ಪಾಳೆ ಬಿದ್ದವು. ತಾಜಿಮುರಾತ್ ಕೂಡ ಟೊಪ್ಪಿಗೆ ಕಂಕುಳಲ್ಲಿಟ್ಟು ಚಪ್ಪಾಳೆ ತಟ್ಟಿದ.

"ಬ್ಯಾಡ್ರಿ ಸಾಹೇಬ್ರ," ಸರ್ಬಿನಾಜ್ ಅಂದಳು. "ಅವ್ರ ಹೊಲಾನೂ ಒಣಗೈತಿ. ನನಗ ಬ್ಯಾಡ್ರಿ."

"ಕೇಳಿದ್ರೇನು!" ಹಾಕಿಮರು ಎಲ್ಲರ ಕಡೆ ತಿರುಗಿದರು. "ತಾನ ಬಾಯಾರ್ಯಾಳ, ಮೊದಲು ನೆರಮನಿಯವ್ರಿಗೆ ಅಂತಾಳ. ಇಂಥಾ ರೈತರು ಬೇಕು."

ಆ ಸೀಮೆಯಲ್ಲಿ ನೀರು ಬೇಡ ಎಂದವರನ್ನು ಯಾರೂ ಕಂಡಿರಲಿಲ್ಲ. ಆದ್ದರಿಂದ ಯಾರೂ ಅವಳನ್ನು ನಂಬಲಿಲ್ಲ.

ಹೊರಡುವ ಮುಂಚೆ ಹಾಕಿಮರು ಕಂಪನಿಯ ಕೃಷಿ ಅಧಿಕಾರಿ ಯೆರ್ನಜರ್‌ನನ್ನು ಕರೆದರು. "ನೀ ಸಂಜಿತನಕ ಇಲ್ಲೇ ಇರು. ತಾಸಿಗೊಮ್ಮೆ ಫೋನಿನ ಗುಂಪಿಗೆ ಫೋಟೋ ಬರ್ಬೇಕು. ನೀರು ಬೇರೆ ಕಡೆ ಹೋತಂದ್ರ ನಿನ್ನ ಕೇಳ್ತೇನಿ."

ಕಾರುಗಳು ಧೂಳೆಬ್ಬಿಸಿ ಹೋದವು. ನೀರಗಂಟಿ ಬಂದು ತೂಬಿನ ಚಕ್ರ ತಿರುಗಿಸಿ, ಯಾರ ಮುಖವನ್ನೂ ನೋಡದೆ ಸೈಕಲ್ ಹತ್ತಿದ. ಕೆಸರು ಬಣ್ಣದ ನೀರು ಕಸಕಡ್ಡಿ ತಳ್ಳಿಕೊಂಡು ದಾರಿಬದಿಯ ಕಾಲುವೆಗೆ ಬಂತು. ಸರ್ಬಿನಾಜ್ ಬಲಗಡೆ ಹೊಲದ ಬಾಯಿಗೆ ಮಣ್ಣಿನ ಹೆಂಟೆ ಒಟ್ಟಿ ಅದರ ಮೇಲೆ ನಿಂತುಕೊಂಡಳು.

ಯೆರ್ನಜರ್ ಹಿಪ್ಪುನೇರಳೆ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತ. ನಾಲಿಗೆಯ ಕೆಳಗೆ ತಂಬಾಕು ಇಟ್ಟುಕೊಂಡಿದ್ದರಿಂದ ಮಾತಾಡದೆ ಕೈಸನ್ನೆ ಮಾಡಿದ: ಬಿಡು.

"ಬಾಯಿ ಕಟ್ಟೈತಿ. ಹೂಳು ತೆಗೀಬೇಕು," ಸರ್ಬಿನಾಜ್ ಅಂದಳು.

ಅವನು ಮತ್ತೆ ಕೈಸನ್ನೆ ಮಾಡಿದ.

"ಯೆರ್ನಜರಣ್ಣ, ಈ ಬಲಗಡೆ ಹೊಲದಾಗ ನಾ..."

ಅವನು ತಟ್ಟನೆ ತಂಬಾಕು ಉಗುಳಿದ. "ಹೇಳಬ್ಯಾಡ."

"ಇನ್ನೂ ಏನೂ ಹೇಳಿಲ್ಲಲ್ಲ."

"ಹೇಳಾಕ ಹೊಂಟಿದ್ದಿ. ನೀ ಹೇಳಿದ್ರ ನಾ ಕೇಳಿದಂಗ ಆಗ್ತೈತಿ. ಕೇಳಿದ್ರ ಬರೀಬೇಕಾಗ್ತೈತಿ. ಜೂನದಾಗ ನಾ ಬಂದಾಗ ಇಲ್ಲಿ ಅಲ್ತಿನ್ ಇತ್ತು. ಜುಲೈದಾಗ ಬಂದಾಗೂ ಅಲ್ತಿನ್ ಇತ್ತು. ಸಹಿ ಮಾಡೇನಿ. ಇಲ್ಲಿ ಕತ್ತೆ ಕಟ್ಟಿದ್ರೂ ಅದು ಅಲ್ತಿನ್ನ."

ಅಂದರೆ ಇವನಿಗೆ ಜೂನ್‌ನಿಂದಲೇ ಗೊತ್ತು. ಅವಳಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಒಂದೇ ಕೋಣೆಯಲ್ಲಿ ಕೂಡಿಹಾಕಿದ ಇಬ್ಬರಲ್ಲಿ ಇನ್ನೊಬ್ಬ ಯಾರೆಂದು ತಿಳಿಯಿತು, ಅಷ್ಟೆ.

ಬಿಬಿಸಾರಾ ಮನೆಯ ಕಡೆಯಿಂದ ಕೆಟಲಿನಲ್ಲಿ ಹಾಲು ಹಾಕಿದ ಚಹಾ, ಸೀಳಿದ ಕರಬೂಜ, ಜೋಳದ ರೊಟ್ಟಿ ಹಿಡಿದು ಬಂದಳು. ಕಾವಲಿಗೆ ನಿಂತವನಾದರೂ ಹೊಲಕ್ಕೆ ಬಂದ ಅತಿಥಿ. ಅವನ ಮುಂದೆ ಊಟದ ಬಟ್ಟೆ, ದಸ್ತರಖಾನ ಹಾಸಿದಳು, ಬೈಯುವುದನ್ನೂ ಶುರು ಮಾಡಿದಳು.

"ತಿನ್ನು ಮಗನ, ತಿನ್ನು. ನಮ್ಮ ಹತ್ತಿ ಮುಳುಗಿಸಾಕ ಶಕ್ತಿ ಬೇಕಲ್ಲ. ಈಗ ನೀರು ಕುಡಿದ್ರ ಈ ಕಾಯಿ ಬಾಯಿ ಬಿಡೂದಿಲ್ಲ ಅಂತ ನಿನಗ ಗೊತ್ತೈತೋ ಇಲ್ಲೋ? ಓದಿದಾಂವ ಹೌದಲ್ಲೋ ನೀ?"

"ಗೊತ್ತೈತಿ ಅಮ್ಮ."

"ಮತ್ತ?"

"ನನಗ ಗೊತ್ತಿದ್ದದ್ದು ಕೇಳಾಕ ನನ್ನ ಯಾರೂ ಇಟ್ಟಿಲ್ಲ. ಫೋಟೋ ತೆಗ್ಯಾಕ ಇಟ್ಟಾರ." ಅವನು ರೊಟ್ಟಿ ಮುರಿದ. "ದಕ್ಷಿಣದ ಬೀಜ ಇಲ್ಲಿಗೆ ಆಗೂದಿಲ್ಲ ಅಂತ ನನಗಿಂತ ಮೊದಲಿದ್ದಾಂವ ಬರದು ಕೊಟ್ಟಿದ್ದ. ಈಗ ಅಂವ ನುಕುಸ್ ಶಹರದಾಗ ಟ್ಯಾಕ್ಸಿ ಓಡಸ್ತಾನ."

ಅವನ ಫೋನು ಬಡಿದುಕೊಂಡಿತು. ನೋಡಿ ಎದ್ದ. "ಕೇಳಾಕತ್ಯಾರ. ಸರ್ಬಿನಾಜ್, ಹೊಲದ ಬಾಯಿ ಬಿಡು. ನಾ ಬಂದು ಒಡಿಯೂದು ಬ್ಯಾಡ."

ಅವಳು ಹೆಂಟೆಗಳನ್ನು ಎಳೆದಳು. ನೀರು ಸಾಲುಗಳ ತಲೆಗೆ ನುಗ್ಗಿತು. ಒಣಗಿ ಬಿರಿದ ನೆಲ ಗಟಗಟ ಸದ್ದು ಮಾಡುತ್ತ ಕುಡಿಯಿತು. ಇಡೀ ಬೇಸಿಗೆ ಅವಳು ಕೇಳಲು ಆಸೆಪಟ್ಟಿದ್ದ ಸದ್ದು ಅದು. ಹೊಲದ ಕೊನೆಯಲ್ಲಿ ಕಟ್ಟೆ ಒಡೆದು ನೀರನ್ನು ಬಸಿಗಾಲುವೆಗೆ ಹರಿಸಿಬಿಡೋಣವೆಂದು ಒಂದು ಗಳಿಗೆ ಅನ್ನಿಸಿತು. ಪಕ್ಕದಲ್ಲಿ ತಾಜಿಮುರಾತನ ಹತ್ತಿ ಬಾಡಿ ತಲೆ ಬಾಗಿಸಿತ್ತು. ಅವನ ಪಾಳಿಯ ನೀರನ್ನು ಉಪ್ಪಿನ ಚರಂಡಿಗೆ ಬಿಡುವಷ್ಟು ಪಾಪ ಅವಳಿಂದ ಆಗುತ್ತಿರಲಿಲ್ಲ.

ತಾಜಿಮುರಾತ್ ಆಗಲೇ ಸಲಿಕೆ ಹೊತ್ತು ಬರುತ್ತಿದ್ದ.

"ನನ್ನ ನೀರು ರುಚಿ ಐತೇನವ್ವಾ?" ದೂರದಿಂದಲೇ ಕೇಳಿದ.

"ಕಾಕಾ, ಸಲಿಕಿ ತಂದೀರೇನು?"

"ತಂದೇನಿ. ಯಾರ ತಲಿಗೆ ಅಂತ ಇನ್ನೂ ಗೊತ್ತಾಗವಲ್ದು."

ಯೆರ್ನಜರ್ ರಸ್ತೆಯ ಮೇಲೆ ನಿಂತು ಫೋನು ಎತ್ತಿ ಹಿಡಿದಿದ್ದ. ಸರ್ಬಿನಾಜ್ ಅವನ ಕೈಯನ್ನೇ ನೋಡಿದಳು. ಹಾಕಿಮರು ನೋಡಿದ್ದು ಅಲ್ಲಿಂದಲೇ. ನೋಡುವವರೆಲ್ಲ ಅಲ್ಲಿಂದಲೇ ನೋಡುತ್ತಾರೆ.

"ಅಣ್ಣ, ಫೋಟೋದಾಗ ಎಷ್ಟು ದೂರ ಕಾಣ್ತೈತಿ?"

ಅವನು ಫೋನಿಗೆ ಕಣ್ಣು ಹಚ್ಚಿದ. "ಮುಂದಿನ ಇಷ್ಟು. ರಸ್ತೆ ಪಕ್ಕದ್ದು."

"ಹಿಂದಿಂದು?"

"ಹಿಂದಿಂದು ಬರೇ ಬಣ್ಣ."

ಯೆರ್ನಜರ್‌ನ ಮುಖದ ಮೇಲೆ ಅರ್ಥವಾದದ್ದು ಕಾಣಿಸಿತು, ಕೂಡಲೇ ಅದನ್ನು ಅಡಗಿಸಿಕೊಂಡ. "ಹೇಳಬ್ಯಾಡ," ಅಂದ ಮತ್ತೆ. ಮರದ ಕೆಳಗೆ ಹೋಗಿ ಹೊಲಕ್ಕೆ ಬೆನ್ನು ಕೊಟ್ಟು ಕೂತು ಕರಬೂಜದ ಹೋಳು ಎತ್ತಿಕೊಂಡ.

ಸರ್ಬಿನಾಜ್ ಹೊಲಕ್ಕೆ ಇಳಿದಳು. ರಸ್ತೆಯಿಂದ ಕಣ್ಣಿಗೆ ಕಾಣುವಷ್ಟು ಅಗಲದ ಪಟ್ಟಿ ಬಿಟ್ಟು, ಅದರ ಹಿಂದೆ ಸಾಲುಗಳಿಗೆ ಅಡ್ಡವಾಗಿ ಬದು ಏರಿಸತೊಡಗಿದಳು. ಪಟ್ಟಿ ತುಂಬಿದ ಮೇಲೆ ನೀರು ಹಿಂದಕ್ಕೆ ಹೋಗದೆ ತಗ್ಗಿನ ಮೂಲೆಯಿಂದ ತಾಜಿಮುರಾತನ ಹೊಲಕ್ಕೆ ಬೀಳಬೇಕು.

ತಾಜಿಮುರಾತ್ ನಿಂತು ನೋಡಿದ. "ಏನ್ ಮಾಡಾಕತ್ತೀದಿ?"

"ನಿಮ್ಮ ನೀರು ನಿಮಗ ಕೊಡಾಕತ್ತೇನಿ. ಬಗ್ರಿ, ಬದು ಹಾಕ್ರಿ."

"ನನ್ನ ನೀರ ನಾನ ಕಳುವು ಮಾಡ್ಬೇಕೇನು!"

"ಹೌದ್ರಿ ಕಾಕಾ. ಲಗೂನ ಮಾಡ್ರಿ."

ಅವನು ಬಗ್ಗಿದ. ಒಂದೆರಡು ಸಲಿಕೆ ಮಣ್ಣು ಎತ್ತಿ ನಿಂತ. ಕೈಗೆ ತಾಗಿದ ಕಾಯಿಯೊಂದನ್ನು ಕಿತ್ತು ಹೆಬ್ಬೆರಳಲ್ಲಿ ಒತ್ತಿ ನೋಡಿದ. ಸಣ್ಣ, ಗುಂಡು, ಕಲ್ಲಿನಷ್ಟು ಗಟ್ಟಿ ಕಾಯಿ. ನಲವತ್ತು ವರ್ಷ ಬಿಡಿಸಿದ ಕೈ ಅದು.

"ಇದು ಗಿಡ್..."

"ಕಾಕಾ!" ಅಂದಳು ಸರ್ಬಿನಾಜ್. "ಬಾಯಿ ಮುಚ್ಚೋ!" ಅಂದಳು ಬಿಬಿಸಾರಾ. ಮರದ ಕೆಳಗಿನಿಂದ ಯೆರ್ನಜರ್ ಜೋರಾಗಿ ಕೆಮ್ಮಿದ.

ತಾಜಿಮುರಾತ್ ಕಾಯಿಯನ್ನು ಜೇಬಿಗೆ ಹಾಕಿಕೊಂಡ. ಇಬ್ಬರೂ ಮಣ್ಣು ಎಳೆದರು. ಬದು ಗಟ್ಟಿಯಾಗಿ, ನೀರು ತಿರುಗಿ ಅವನ ಹೊಲದ ಕಡೆ ಹರಿದ ಮೇಲೆ ಅವನು ತಗ್ಗಿದ ದನಿಯಲ್ಲಿ ಕೇಳಿದ.

"ಎಲ್ಲಾ ಬಿತ್ತಿದೇನು? ಇನ್ನೂ ಉಳದಿತ್ತೇನು?"

"ಎರಡ್ ಚೀಲ ಉಳದಿತ್ತು. ಆಕಳು ತಿಂತು."

"ನನ್ನ ಕೆಳಗಿನ ಹೊಲದಾಗೂ ಬೀಜ ಕೊಳತಿತ್ತಲ್ಲವ್ವಾ. ಎಲ್ಲೆಲ್ಲೋ ಹುಡಿಕ್ಯಾಡಿ ಮತ್ತ ಈ ಅಲ್ತಿನ್ನ ತಂದು ಹಾಕಿದೆ. ನನಗೊಂದ್ ಮಾತು ಹೇಳಬಾರ್ದಿತ್ತಾ?"

"ಹೇಳಿದ್ರ ನೀವು ಕೇಳಿದಂಗ ಆಗ್ತಿತ್ತು," ಅಂದಳು.

ಹೇಳಿದ ಮೇಲೆ ಆ ಮಾತು ತನ್ನದಲ್ಲ, ಯೆರ್ನಜರ್‌ನದು ಎಂದು ನೆನಪಾಯಿತು. ತಾಜಿಮುರಾತ್ ಸಲಿಕೆಗೆ ಅಂಟಿದ ಕೆಸರನ್ನು ಹುಲ್ಲಿಗೆ ಒರೆಸಿ ತನ್ನ ಹೊಲಕ್ಕೆ ಹೋದ. ಯೆರ್ನಜರ್ ಸಂಜೆಯವರೆಗೆ ತಾಸಿಗೊಂದು ಫೋಟೋ ಹಾಕಿದ. ಎಲ್ಲದರಲ್ಲೂ ನೀರು ಹೊಳೆಯುತ್ತಿತ್ತು. ಹಾಕಿಮರು ಒಂದಕ್ಕೆ ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಕಳಿಸಿದರು.

ಸೆಪ್ಟೆಂಬರ್ ನಡುವೆ ಗಿಡ್ಡಿ ಒಡೆಯಿತು. ಒಂದು ವಾರದಲ್ಲಿ ಬದುವಿನ ಹಿಂದಿನ ಹೊಲವೆಲ್ಲ ಬೆಳ್ಳಗೆ. ಸರ್ಬಿನಾಜ್ ಹೆಂಗಸರನ್ನು ಕೂಡಿಸಿ ಬಿಡಿಸತೊಡಗಿದಳು. ಬೆಳಿಗ್ಗೆ ಎದ್ದೊಡನೆ ಹೊರಬಂದು ಗಾಳಿ ಎಷ್ಟು ತಣ್ಣಗಿದೆ ಎಂದು ನೋಡುವುದೇ ಆಯಿತು. ರಸ್ತೆ ಪಕ್ಕದ ಪಟ್ಟಿ ಮಾತ್ರ ಮೊಣಕಾಲಿನಿಂದ ತೊಡೆಯೆತ್ತರಕ್ಕೆ ಬಂದು, ಹೊಸ ಎಲೆ ತೊಟ್ಟು, ಹಳದಿ ಹೂ ಬಿಟ್ಟು, ಒಂದು ಕಾಯನ್ನೂ ಒಡೆಯದೆ ನಿಂತಿತ್ತು. ಅದನ್ನು ಅವಳು ಮೊದಲೇ ಬಿಟ್ಟುಕೊಟ್ಟಿದ್ದಳು. ಎಡಗಡೆಯ ಅಲ್ತಿನ್ನಿನಲ್ಲಿ ಬುಡದ ಕಾಯಿಗಳು ಅಷ್ಟಿಷ್ಟು ಬಾಯಿ ಬಿಟ್ಟಿದ್ದವು.

ಜಿಲ್ಲೆಯಲ್ಲಿ ಅವಳ ಲೋಡೇ ಮೊದಲು ಹೋಯಿತು. ತಿಂಗಳ ಕೊನೆಗೆ ಹಾಕಿಮರು ಮತ್ತೆ ಬಂದರು. ಈ ಸಲ ಗಾಡಿದಾರಿಯ ಮೇಲೆ ಶಾಮಿಯಾನ, ಮೈಕು, ಊರಿನ ರೈತರೆಲ್ಲ ಕುರ್ಚಿಗಳ ಮೇಲೆ. ಹಾಕಿಮರು ಕಾರಿನಿಂದ ಇಳಿದು ಹೊಲದೊಳಗೇ ನಡೆದರು. ಹಸಿರು ಪಟ್ಟಿಯ ಹತ್ತಿರ ನಿಂತರು.

"ಇದ್ಯಾಕ ಹಿಂಗೈತಿ? ಒಂದೂ ಒಡದಿಲ್ಲ?"

ಯೆರ್ನಜರ್ ಕಣ್ಣು ಮಿಟುಕಿಸದೆ ಹೇಳಿದ. "ಅಲ್ಲಿಗೆ ನಿಮ್ಮ ನೀರು ಮುಟ್ಟಲಿಲ್ರಿ ಸಾಹೇಬ್ರ. ನೆಲ ಎತ್ತರ ಐತಿ."

ಫೋಟೋಗಳಲ್ಲಿ ನೀರು ಹೊಳೆದದ್ದು ಇದೇ ಪಟ್ಟಿಯಲ್ಲಿ ಎಂಬುದು ಹಾಕಿಮರಿಗೆ ನೆನಪಾಗಲಿಲ್ಲ, ತಲೆಯಾಡಿಸಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಎಡಕ್ಕ ಪಾಳಿ ನೀರು. ಬಲಕ್ಕ ನಾ ಕೊಟ್ಟ ನೀರು. ಬೀಜ ಒಂದ. ಹೌದಿಲ್ಲೋ?"

"ಹೌದ್ರಿ," ಅಂದ ಯೆರ್ನಜರ್.

"ಮತ್ತ ಇಷ್ಟು ದಿನ ದಕ್ಷಿಣದ ಬೀಜ ಇಲ್ಲಿಗೆ ಆಗೂದಿಲ್ಲ ಅಂತ ಅಳತಿದ್ರಲ್ಲ!" ಅವರು ಮೈಕಿನ ಹತ್ತಿರ ಹೋದರು. ಅಲ್ತಿನ್ ಬೀಜದಲ್ಲಿ ತಪ್ಪಿಲ್ಲ, ನೀರಿನ ವೇಳೆಯಲ್ಲಿ ತಪ್ಪಿತ್ತು. ಆಗಸ್ಟ್ ಕೊನೆಗೆ ಒಂದು ನೀರು ಬಿದ್ದರೆ ಚಿನ್ನ ಚಿನ್ನವೇ ಆಗುತ್ತದೆ. ಮುಂದಿನ ವರ್ಷ ಜಿಲ್ಲೆಗೆಲ್ಲ ಅಲ್ತಿನ್, ಜಿಲ್ಲೆಗೆಲ್ಲ ಆಗಸ್ಟ್ ಕೊನೆಯ ನೀರು. ಈ ಹೊಲ ಮಾದರಿ ಹೊಲ. "ನನ್ನ ಮಾತು ಬ್ಯಾಡ. ಬೆಳದಾಕಿನ್ನ ಕೇಳ್ರಿ. ಬಾರವ್ವಾ."

ಮೈಕು ಅವಳ ಕೈಗೆ ಬಂತು. ಎದುರಿಗೆ ತಾಜಿಮುರಾತ್ ಎರಡನೆಯ ಸಾಲಿನಲ್ಲಿ ಕೂತಿದ್ದ. ಅವನ ಪಕ್ಕದಲ್ಲಿ, ಹಿಂದೆ, ಅವಳಿಗೆ ಹೆಸರು ಹಿಡಿದು ಗೊತ್ತಿದ್ದ ಜನ. ಎಲ್ಲರ ಹೊಲದಲ್ಲೂ ಕಾಯಿ ಮುಚ್ಚಿಕೊಂಡು ನಿಂತಿದ್ದವು. ಯೆರ್ನಜರ್ ಫೋನು ಎತ್ತಿ ಹಿಡಿದಿದ್ದ. ಹೊಲದಲ್ಲಿ ಇನ್ನೂ ಮೂರನೇ ಒಂದು ಪಾಲು ಹತ್ತಿ ಬಿಡಿಸುವುದಿತ್ತು.

"ಯಾವ ತಳಿ?" ಹಾಕಿಮರು ಕೇಳಿದರು, ಮಕ್ಕಳಿಗೆ ಮಗ್ಗಿ ಕೇಳುವ ಹಾಗೆ.

ಆಕಳ ಕಾಳು ಅಂದರೆ ಇಲ್ಲಿ ಕೂತವರೆಲ್ಲ ನಗುತ್ತಾರೆ, ಆಮೇಲೆ ಎದ್ದು ನಿಂತು ಜೈ ಅನ್ನುತ್ತಾರೆ, ಆಮೇಲೆ ಮನೆಗೆ ಹೋಗುತ್ತಾರೆ. ಹೊಲ ಬಿಟ್ಟು ಹೋಗಬೇಕಾದವಳು ತಾನೊಬ್ಬಳೇ.

"ಅಲ್ತಿನ್‌ರಿ," ಅಂದಳು.

"ಯಾವಾಗ ನೀರು?"

"ಆಗಸ್ಟ್ ಕೊನಿಗೆ."

ಚಪ್ಪಾಳೆ ಬಿದ್ದವು. ತಾಜಿಮುರಾತ್ ಈ ಸಲ ತಟ್ಟಲಿಲ್ಲ, ಟೊಪ್ಪಿಗೆಯ ಅಂಚು ತಿರುವುತ್ತ ಕೂತಿದ್ದ.

ಅಕ್ಟೋಬರ್‌ನ ಮೊದಲ ವಾರವೇ ಹಿಮ ಬಿತ್ತು. ಬೆಳಗಾಗುವುದರೊಳಗೆ ಊರಿನ ಅಲ್ತಿನ್ನೆಲ್ಲ ಕರಿಹಿಡಿಯಿತು. ಮುಚ್ಚಿದ ಕಾಯಿಗಳು ಬೇಯಿಸಿದ ಬದನೆಯ ಹಾಗೆ ಮೆತ್ತಗಾದವು. ಸರ್ಬಿನಾಜ್‌ಳ ಎಡಗಡೆಯೂ ಹೋಯಿತು, ಹಸಿರು ಪಟ್ಟಿಯೂ ಹೋಯಿತು. ಬಲಗಡೆಯದು ಅಷ್ಟರಲ್ಲಿ ಬಿಡಿಸಿ ಮುಗಿದಿದ್ದರಿಂದ ಅವಳು ಗುರಿ ಮುಟ್ಟಿದ್ದಳು. ಮುಟ್ಟದವರಲ್ಲಿ ತಾಜಿಮುರಾತನೂ ಸೇರಿ ಮೂರು ಜನರ ಗುತ್ತಿಗೆ ರದ್ದಾಯಿತು. ನೀರಿನ ಲಾಭ ಪಡೆದುಕೊಳ್ಳಲಿಲ್ಲ ಎಂದು ಕಾರಣ ಬರೆದರು. ತಾಜಿಮುರಾತನ ಹೊಲ ಅವಳ ಹೊಲಕ್ಕೆ ಹೊಂದಿಕೊಂಡಿದ್ದರಿಂದ ಅದನ್ನು ಮಾದರಿ ಹೊಲಕ್ಕೆ ಸೇರಿಸಿದರು.

ಸುದ್ದಿ ಬಂದ ದಿನ ಬಿಬಿಸಾರಾ ಅಡುಗೆ ಮಾಡಲಿಲ್ಲ. "ಹೋಗಿ ಬ್ಯಾಡ ಅಂದು ಬಾ," ಅಂದಳು.

"ಯಾಕ ಬ್ಯಾಡ ಅಂತ ಕೇಳಿದ್ರ ಏನ್ ಹೇಳ್ಲಿ ಅತ್ತಿ?"

ಬಿಬಿಸಾರಾ ಕೊಟ್ಟಿಗೆಗೆ ಹೋಗಿ ಆಕಳನ್ನು ಬೈಯತೊಡಗಿದಳು.

ತಾಜಿಮುರಾತ್ ಎರಡು ದಿನ ಬಿಟ್ಟು ಬಂದ. ಒಳಗೆ ಕರೆದರೂ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಒಂದು ಬಟ್ಟಲು ಚಹಾ ಕುಡಿದ.

"ನನ್ನ ಹೊಲ ನಿನಗ ಬಂತಂತ."

"ನಾ ಕೇಳಿರ್ಲಿಲ್ಲ ಕಾಕಾ."

"ನೀರೂ ಕೇಳಿರ್ಲಿಲ್ಲ."

ಅವಳು ತಲೆ ತಗ್ಗಿಸಿದಳು. "ನೀವ ಮಾಡ್ರಿ. ಹೆಸರಷ್ಟ ನಂದಿರ್ಲಿ. ಬೆಳದದ್ದು ನಿಮ್ಮದು."

"ಮಾದರಿ ಹೊಲದಾಗ ನಾ ಹ್ಯಾಂಗ ಬೆಳೀಲೆ ಹುಚ್ಚಿ? ದಿನಾ ಒಬ್ಬಾಂವ ಫೋಟೋ ತೆಗ್ಯಾಕ ಬರ್ತಾನ. ನನ್ನ ಮಾರಿ ಯಾವ್ದರಾಗರೆ ಕಂಡ್ರ ಮುಗೀತು."

"ಬೀಜಾನೂ ಅವರ ತಂದು, ಅವರ ಮುಂದ ನಿಂತು ಬಿತ್ತಸ್ತಾರಂತ," ಸರ್ಬಿನಾಜ್ ಅಂದಳು. "ನನಗ ಒಂದ್ ಹಿಡಿ ಬೇರೆ ಕಾಳು ಹಾಕಾಕ ಬರೂದಿಲ್ಲ ಇನ್ನ. ಆಗಸ್ಟ್ ಕೊನಿಗೆ ಹಾಕಿಮರ ಬಂದು ತೂಬು ತಿರುವತಾರಂತ."

"ಹಂಗಾರ ಮುಂದಿನ ಅಕ್ಟೋಬರಕ್ಕ ನೀನೂ ನನ್ನಂಗ."

"ಹೌದ್ರಿ."

ಅವನು ಬಟ್ಟಲನ್ನು ಕವುಚಿ ಹೊಸ್ತಿಲ ಮೇಲಿಟ್ಟ. "ಸಲಿಕಿ ತಗೊಂಡು ಬಾ," ಅಂದ.

ಇಬ್ಬರೂ ಅವನ ಹೊಲಕ್ಕೆ ಹೋದರು. ಕರಿಹಿಡಿದ ಹತ್ತಿಕಟ್ಟಿಗೆ ಕಾಲಿಗೆ ತಾಗಿ ಪಟಪಟ ಮುರಿಯುತ್ತಿತ್ತು. ಅವನು ಮುಂದೆ, ಅವಳು ಹಿಂದೆ. ಬಸಿಗಾಲುವೆಯ ಪಕ್ಕದ ಮೂಲೆಯಲ್ಲಿ ನಿಂತು ಅವನು ಕಾಲಿನಿಂದ ನೆಲ ಕೆರೆದ. ಕೆಳಗೆ ಹಿಟ್ಟು ಚೆಲ್ಲಿದ ಹಾಗೆ ಉಪ್ಪು ಬೆಳ್ಳಗಿತ್ತು.

"ಇಲ್ಲಿ ಚಳಿಗಾಲದಾಗ ಉಪ್ಪು ಒಂದ್ ಸಲ ತೊಳದ್ರ ಸಾಲೂದಿಲ್ಲ. ಎರಡ್ ಸಲ ನೀರ್ ನಿಲ್ಲಿಸ್ಬೇಕು. ಮೊದಲ್ನೇದು ಪೂರ್ತಿ ಬಸದು ಹೋದ ಮ್ಯಾಲ ಎರಡ್ನೇದು. ಅವಸರ ಮಾಡಿದಿ ಅಂದ್ರ ಉಪ್ಪು ಮ್ಯಾಲ ಬರ್ತೈತಿ. ನಮ್ಮಪ್ಪ ಅವಸರ ಮಾಡಿ ಈ ಮೂಲಿ ಕೆಡಿಸಿದ. ನಾ ಹನ್ನೆರಡು ವರ್ಷ ತೊಳದೇನಿ. ತಿಳೀತೇನು?"

"ತಿಳೀತ್ರಿ."

"ಏನ್ ತಿಳೀತು, ಹೇಳು."

ಅವಳು ಹೇಳಿದಳು. ಅವನು ಒಂದು ಕಡೆ ತಿದ್ದಿದ. ಆಮೇಲೆ ಇನ್ನೊಂದು ಮೂಲೆಗೆ ನಡೆದ. ಅಲ್ಲಿ ತೋರಿಸಬೇಕಾದ್ದು ಇನ್ನೂ ಇತ್ತು. ಚಳಿಗಾಲದ ನೀರಿನ ಪಾಳಿಯ ಪಟ್ಟಿಯನ್ನು ಆ ವಾರವೇ ತೂಬಿನ ಹತ್ತಿರ ಅಂಟಿಸಿದ್ದರು. ಮೊದಲ ಪಾಳಿ ಸರ್ಬಿನಾಜ್‌ಳದೇ. ಅವಳು ಸಲಿಕೆಯನ್ನು ಹೆಗಲಿಗೇರಿಸಿ ಅವನ ಹಿಂದೆ ಹೋದಳು.